ಡಾಕಿಂಗ್ ಮತ್ತು ನಮ್ಮ ಪಾಸ್ ಪುಸ್ತಕ

ನನ್ನ ಆಪಾ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಈ ರಜೆಯಲ್ಲಿ ಒಂದು ಪ್ರಯೋಗಾಲಯದಲ್ಲಿ ಇಂಟರ್ನ್‌ಶಿಪ್ ಮಾಡಿದಳು. ಅಲ್ಲಿ ನಡೆಯುವುದು ಬಾಹ್ಯಾಕಾಶ ನೌಕೆಗಳ ಡಾಕಿಂಗ್ ಬಗ್ಗೆ ಸಂಶೋಧನೆ. ಕಾಮರ್ಸ್ ಓದುವ ನನಗೆ ಇದು ಅರ್ಥವಾಗದು ಎಂದುಕೊಂಡಿದ್ದೆ. ಅವಳು ವಿವರಿಸಿದ ಮೇಲೆ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಕಕ್ಷೆಯಲ್ಲಿ ಸುತ್ತುತ್ತಿರುವ ಎರಡು ನೌಕೆಗಳು ಹತ್ತಿರ ಬಂದು ಬಿಗಿಯಾಗಿ ಸೇರಿಕೊಳ್ಳುವುದೇ ಡಾಕಿಂಗ್. ಇದನ್ನು ಮೊದಲು ಸಾಧಿಸಿದ್ದು 1966ರಲ್ಲಿ ಅಮೆರಿಕದ ಜೆಮಿನಿ 8. ನಮ್ಮ ಇಸ್ರೋ 'ಸ್ಪೇಡೆಕ್ಸ್' ಯೋಜನೆಯಲ್ಲಿ ಸುಮಾರು 220 ಕೆ.ಜಿ. ತೂಕದ ಎರಡು ಉಪಗ್ರಹಗಳನ್ನು 2024ರ ಡಿಸೆಂಬರ್ 30ರಂದು ಹಾರಿಸಿ, 2025ರ ಜನವರಿ 16ರಂದು ಜೋಡಿಸಿತು. ಅಮೆರಿಕ, ರಷ್ಯಾ, ಚೀನಾ ನಂತರ ಇದನ್ನು ಮಾಡಿದ ನಾಲ್ಕನೆಯ ದೇಶ ಭಾರತ.

ಮೇಲೆ ಹೋದ ಮೇಲೆ ತಪ್ಪಾದರೆ ಕೈಹಾಕಿ ಸರಿಮಾಡಲು ಆಗುವುದಿಲ್ಲ. ಅದಕ್ಕೆ ನೆಲದ ಮೇಲೆಯೇ ರೋಬೋಟ್ ಕೈಗಳಿಂದ ತಾಲೀಮು ನಡೆಸುತ್ತಾರೆ. ರೋಬೋಟ್ ನೌಕೆಯ ಮಾದರಿಯನ್ನು ಹಿಡಿದುಕೊಂಡಿರುತ್ತದೆ. ಮಾದರಿಗಳು ಒಂದಕ್ಕೊಂದು ತಾಗಿದಾಗ ಎಷ್ಟು ಬಲ ಬಿತ್ತು ಎಂದು ಸೆನ್ಸರ್ ಅಳೆಯುತ್ತದೆ. ತೂಕವಿಲ್ಲದ ಜಾಗದಲ್ಲಿ ನೌಕೆ ಹೇಗೆ ಸರಿಯುತ್ತಿತ್ತು ಎಂದು ಕಂಪ್ಯೂಟರ್ ಲೆಕ್ಕ ಹಾಕಿ, ಕೈಯನ್ನು ಹಾಗೆಯೇ ಸರಿಸುತ್ತದೆ. ಲೆಕ್ಕ ಸ್ವಲ್ಪ ತಡವಾದರೂ ಫಲಿತಾಂಶ ಕೆಡುತ್ತದೆ.

ಆಪಾಳ ಕೆಲಸ ಇಷ್ಟು: ಕೈಗೆ 'ಇಲ್ಲಿಗೆ ಹೋಗು' ಎಂದು ಹೇಳಿದ ಜಾಗ ಒಂದು ಕಾಲಂನಲ್ಲಿ, ಅದು ನಿಜವಾಗಿ ಹೋದ ಜಾಗವನ್ನು ಕ್ಯಾಮೆರಾ ನೋಡಿದ್ದು ಇನ್ನೊಂದರಲ್ಲಿ. ವ್ಯತ್ಯಾಸಕ್ಕೆ ಕಾರಣ ಹುಡುಕಬೇಕು.

"ಇದು ನಮ್ಮ ಬ್ಯಾಂಕ್ ರಿಕನ್ಸಿಲಿಯೇಶನ್ ಅಲ್ವಾ ಆಪಾ!" ಎಂದೆ. ನಗದು ಪುಸ್ತಕದಲ್ಲಿ ಒಂದು ಮೊತ್ತ, ಪಾಸ್ ಪುಸ್ತಕದಲ್ಲಿ ಇನ್ನೊಂದು. ನಾವೂ ಕಾರಣವನ್ನೇ ಹುಡುಕುತ್ತೇವೆ.

ಒಮ್ಮೆ 4 ಮಿಲಿಮೀಟರ್ ವ್ಯತ್ಯಾಸ ನಾಲ್ಕು ದಿನವಾದರೂ ಹೋಗಲಿಲ್ಲವಂತೆ. ಪ್ರೋಗ್ರಾಮಿನಲ್ಲಿ ಒಂದು ಅಂಕಿ ಬದಲಿಸಿದ್ದರೆ ಅದು ಮುಚ್ಚಿಹೋಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಹಾಗೆ ಮಾಡಲಿಲ್ಲ. ಹುಡುಕಿದಾಗ ತಪ್ಪು ರೋಬೋಟಿನದಲ್ಲ, ಕ್ಯಾಮೆರಾ ಇಟ್ಟ ಜಾಗದ ಅಳತೆಯನ್ನು ಮೊದಲ ದಿನ ಅವಳೇ ತಪ್ಪಾಗಿ ಬರೆದಿದ್ದಳು. ಹೋಗಿ ಗೈಡ್‌ಗೆ ಹೇಳಿದಳು. ಎರಡು ವಾರದ ಅಳತೆ ಮತ್ತೆ ಮಾಡಬೇಕಾಯಿತು.

"ಬೈದರಾ?" ಎಂದು ಕೇಳಿದೆ.

"ಇಲ್ಲ. ನಾಳೆ ಬೇಗ ಬಾ ಅಂದರು."

ಅದನ್ನು ಕೇಳಿ ನನಗೆ ನಾಚಿಕೆಯಾಯಿತು. ಹಿಂದಿನ ವಾರ ನನ್ನ ತಾಳೆಪಟ್ಟಿಯಲ್ಲಿ 90 ರೂಪಾಯಿ ವ್ಯತ್ಯಾಸ ಬಂದಿತ್ತು. ಹುಡುಕದೆ ಸಸ್ಪೆನ್ಸ್ ಖಾತೆಗೆ ಹಾಕಿ ಪುಸ್ತಕ ಮುಚ್ಚಿದ್ದೆ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಆ ರಾತ್ರಿ ಪುಸ್ತಕ ತೆಗೆದೆ. 540 ಇರಬೇಕಾದಲ್ಲಿ 450 ಬರೆದಿದ್ದೆ.