ತಿಮ್ಗಾದೆಂಬ ಪಾಳುಪಟ್ಟಣವೂ ಅಲ್ಲಿದ್ದ ಕ್ರೈಸ್ತ ಸಭೆಯೂ

ಕೊರಿಂಥ, ಎಫೆಸ ಮುಂತಾದ ಪಟ್ಟಣಗಳನ್ನು ಸತ್ಯವೇದದಿಂದ ನಾವೆಲ್ಲರೂ ಬಲ್ಲೆವು. ಈ ಸಾರಿ ಸತ್ಯವೇದದಲ್ಲಿ ಹೆಸರಿಲ್ಲದ ಒಂದು ಪಟ್ಟಣದ ವಿಷಯವನ್ನು ವಿವರಿಸುವೆವು. ಆಫ್ರಿಕ ಖಂಡದ ಉತ್ತರದಲ್ಲಿರುವ ಅಲ್ಜೀರಿಯ ದೇಶದ ಒಂದು ಭಾಗವು ಪೂರ್ವದಲ್ಲಿ ನುಮಿದಿಯವೆಂಬ ಹೆಸರಿನಿಂದ ರೋಮರ ಆಳಿಕೆಗೆ ಒಳಪಟ್ಟಿತ್ತು. ಅಲ್ಲಿಯ ಔರೆಸ್ ಬೆಟ್ಟಗಳ ಬಳಿಯಲ್ಲಿ ತ್ರಾಯಾನ ಚಕ್ರವರ್ತಿಯು ದಂಡಿನ ಸೇವೆ ಮುಗಿಸಿದ ಸಿಪಾಯಿಗಳಿಗೋಸ್ಕರ ಕ್ರಿ. ಶ. 100ರಲ್ಲಿ ತಮುಗಾದಿ ಎಂಬ ಊರನ್ನು ಕಟ್ಟಿಸಿದನು. ಅದಕ್ಕೆ ಈಗ ತಿಮ್ಗಾದ್ ಎಂದು ಹೆಸರು. ನಮ್ಮ ಹಂಪೆಯು 1986ರಲ್ಲಿ ಸೇರಿದ ಲೋಕಪರಂಪರೆಯ ಪಟ್ಟಿಯಲ್ಲಿ ಈ ಪಾಳುಪಟ್ಟಣವು 1982ರಲ್ಲಿಯೇ ಸೇರಿತು.

ಊರಿನ ಬೀದಿಗಳು ಚದುರಂಗದ ಮಣೆಯ ಗೆರೆಗಳ ಹಾಗೆ ನೆಟ್ಟಗಿವೆ. ಹಾಸುಗಲ್ಲುಗಳ ಮೇಲೆ ಬಂಡಿಯ ಗಾಲಿಗಳು ಸವೆಸಿದ ಜಾಡುಗಳು ಇಂದಿಗೂ ಕಾಣುತ್ತವೆ. ಸುಮಾರು 3,500 ಜನರು ಕೂಡ್ರತಕ್ಕ ನಾಟಕಶಾಲೆಯೂ ಅನೇಕ ಸ್ನಾನಗೃಹಗಳೂ ಅಲ್ಲಿದ್ದವು. ಒಬ್ಬ ಧನಿಕನು ಕೊಟ್ಟ 4,00,000 ಸೆಸ್ಟರ್ಸ್ ನಾಣ್ಯಗಳಿಂದ ಕಟ್ಟಿದ ಗ್ರಂಥಾಲಯವೂ ಇತ್ತು. ಊರ ನಡುವಣ ಚೌಕದ ಕಲ್ಲಿನಲ್ಲಿ ಯಾರೋ, ಬೇಟೆ, ಸ್ನಾನ, ಆಟ, ನಗೆ ಇವೇ ಬಾಳು ಎಂಬರ್ಥದ ಮಾತನ್ನು ಕೆತ್ತಿದ್ದಾರೆ. ಅವರ ಹೊಲಗಳನ್ನು ಯಾರು ಉಳುತ್ತಿದ್ದರೆಂಬದನ್ನು ಆ ಕಲ್ಲಿನಲ್ಲಿ ಕೆತ್ತಲಿಲ್ಲ!

ಕಾಲಾನಂತರದಲ್ಲಿ ಆ ಊರಲ್ಲಿ ಸುವಾರ್ತೆಯೂ ಬೇರೂರಿತು. ಊರ ಪಡುವಣ ಹೊರಗಡೆಯಲ್ಲಿ ಒಂದು ದೊಡ್ಡ ದೇವಾಲಯದ ಅಸ್ತಿವಾರವಿದೆ. ಬಣ್ಣಬಣ್ಣದ ಸಣ್ಣ ಕಲ್ಲುಗಳನ್ನು ಕೂಡಿಸಿ ಅಲಂಕರಿಸಿದ ದೀಕ್ಷಾಸ್ನಾನದ ಕುಂಡವು ಅದರ ಬಳಿಯಲ್ಲಿ ಸಿಕ್ಕಿತು. ಇದು ದೊನಾತನ ಪಕ್ಷದವರದು. ಊರಲ್ಲಿ ಬೇರೆ ದೇವಾಲಯಗಳೂ ಇದ್ದವು. ಒಬ್ಬನೇ ಕರ್ತನನ್ನು ಆರಾಧಿಸುವವರಲ್ಲಿ ಈ ಪಕ್ಷವು ಹೇಗೆ ಹುಟ್ಟಿತೆಂದು ತಿಳಿಯಬೇಕಾದರೆ ಅದೇ ಸೀಮೆಯ ಕಿರ್ತವೆಂಬ ಊರಿಗೆ ಹೋಗಬೇಕು.

ದಿಯೊಕ್ಲೇತಿಯಾನನ ಹಿಂಸೆಯಲ್ಲಿ, 303ನೆಯ ಇಸವಿಯ ಮೇ 19ರಂದು, ಕಿರ್ತದ ಅಧಿಕಾರಿಯು ಕ್ರೈಸ್ತರು ಕೂಡುತ್ತಿದ್ದ ಮನೆಯನ್ನು ಶೋಧಿಸಿದನು. ಸಿಕ್ಕಿದ ವಸ್ತುಗಳ ಪಟ್ಟಿಯು ಉಳಿದುಬಂದಿದೆ: ಚಿನ್ನದ ಪಾನಪಾತ್ರೆಗಳು 2, ಬೆಳ್ಳಿಯವು 6, ಹೆಂಗಸರ ಅಂಗಿಗಳು 82, ಗಂಡಸರ ಅಂಗಿಗಳು 16, ಹೆಂಗಸರ ಪಾದರಕ್ಷೆಗಳು 47 ಜೊತೆ, ಗಂಡಸರವು 13 ಜೊತೆ. ಇಷ್ಟು ಬಟ್ಟೆಗಳು ಬಡವರಿಗೆ, ವಿಶೇಷವಾಗಿ ವಿಧವೆಯರಿಗೆ ಹಂಚುವದಕ್ಕೋಸ್ಕರ ಇಟ್ಟವುಗಳಾಗಿರಬೇಕೆಂದು ನಮಗೆ ತೋರುತ್ತದೆ. ಬಳಿಕ ಅಧಿಕಾರಿಯು ವೇದಗ್ರಂಥಗಳನ್ನು ಕೇಳಿದನು. ಕಟುಲಿನ, ಮಾರ್ಕುಕ್ಲಿಯ ಎಂಬ ಇಬ್ಬರು ಕಿರಿಯ ಸಭಾಸೇವಕರು ಒಂದು ದೊಡ್ಡ ಗ್ರಂಥವನ್ನು ತಂದಿಟ್ಟು, ಉಳಿದವು ಪಾಠಕರ ಹತ್ತಿರ ಇವೆಯೆಂದರು. ಪಾಠಕರ ಹೆಸರನ್ನು ಹೇಳಿರೆಂದಾಗ, ನಾವು ಹಿಡಿದುಕೊಡುವವರಲ್ಲ, ಬೇಕಾದರೆ ನಮ್ಮನ್ನು ಕೊಲ್ಲಿಸು ಎಂದು ಉತ್ತರಕೊಟ್ಟರು. ಪುಸ್ತಕವನ್ನು ಕೊಟ್ಟ ಕೈಗಳೇ ಸಹೋದರರನ್ನು ಕೊಡಲಿಲ್ಲ. ಇವರನ್ನು ಹೇಡಿಗಳೆನ್ನೋಣವೋ, ಧೈರ್ಯಶಾಲಿಗಳೆನ್ನೋಣವೋ?

ಹಿಂಸೆಯು ನಿಂತ ಮೇಲೆ ಈ ಪ್ರಶ್ನೆಯೇ ಸಭೆಯನ್ನು ಸೀಳಿತು. ಗ್ರಂಥಗಳನ್ನು ಒಪ್ಪಿಸಿದವರು ಕೊಟ್ಟ ದೀಕ್ಷಾಸ್ನಾನವೂ ಅವರು ನೇಮಿಸಿದ ಸೇವಕರೂ ಸಲ್ಲರೆಂದು ಒಂದು ಪಕ್ಷದವರು ಬೇರೆಯಾದರು. ಇವರಿಗೆ ದೊನಾತನು ಮುಖಂಡನಾದನು. ಮೊದಲಿಗೆ ಹೀಗೆ ದೂರಿದವರಲ್ಲಿ ಸಿಲ್ವಾನನೆಂಬ ಸಭಾಧ್ಯಕ್ಷನೂ ಒಬ್ಬನು. 320ರಲ್ಲಿ ವಿಚಾರಣೆಯಾದಾಗ, ಕಿರ್ತದಲ್ಲಿ ಅಂದು ಬೆಳ್ಳಿಯ ದೀಪವನ್ನು ತಾನೇ ತಂದು ಅಧಿಕಾರಿಗೆ ಒಪ್ಪಿಸಿದವನು ಈ ಸಿಲ್ವಾನನೇ ಎಂದು ಹೊರಬಿತ್ತು! ಪಾಠವನ್ನು ಸಭೆಯಲ್ಲಿ ಓದುವವರು 1 ಕೊರಿಂಥ 1ನೆಯ ಅಧ್ಯಾಯದ 10ರಿಂದ 13ರ ವರೆಗಿನ ವಚನಗಳನ್ನು ಇಲ್ಲಿ ಓದಲಿ. ಹಿರಿಯರ ಆಯ್ಕೆಯಲ್ಲಿ ಎರಡಾಗಿ, ಕರ್ತನ ಭೋಜನಕ್ಕೆ ಬೇರೆ ಬೇರೆ ಕೂಡುವ ಸಭೆಗಳನ್ನು ನಾವೂ ಕಂಡಿದ್ದೇವೆ.

ತಿಮ್ಗಾದಿಗೆ ಹಿಂದಿರುಗೋಣ. ಪಡುವಣ ದೇವಾಲಯದ ಸಮೀಪದ ಮನೆಯ ನೆಲದಲ್ಲಿ ಒಪ್ತಾತನ ಹೆಸರು ಬರೆದಿದೆ. ಅವನು ದೊನಾತ ಪಕ್ಷದ ಅಧ್ಯಕ್ಷನಾಗಿ, ಗಿಲ್ದೊ ಎಂಬ ಸೇನಾಪತಿಯ ಬಲವನ್ನು ನಂಬಿ ಎದುರು ಪಕ್ಷದವರನ್ನು ಪೀಡಿಸಿದನು. 398ರಲ್ಲಿ ಗಿಲ್ದೊ ಚಕ್ರವರ್ತಿಗೆ ತಿರುಗಿಬಿದ್ದು ಸೋತನು. ಒಪ್ತಾತನು ಸೆರೆಯಲ್ಲಿ ಸತ್ತನು. 411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಕಡೆಯ 500ಕ್ಕಿಂತ ಹೆಚ್ಚು ಸಭಾಧ್ಯಕ್ಷರು ಸೇರಿ ವಾದಿಸಿದರು. ಚಕ್ರವರ್ತಿಯ ಪ್ರತಿನಿಧಿಯು ದೊನಾತ ಪಕ್ಷದ ವಿರುದ್ಧ ತೀರ್ಪುಕೊಟ್ಟನು. ಬಳಿಕ ದಂಡ ವಿಧಿಸಿ ಅವರ ದೇವಾಲಯಗಳನ್ನು ಕಿತ್ತುಕೊಳ್ಳುವದಕ್ಕೆ ಆಜ್ಞೆಯಾಯಿತು. ಸುಮಾರು 420ರಲ್ಲಿ ಅಧಿಕಾರಿಯು ತಿಮ್ಗಾದಿಗೆ ಕೈಹಾಕಿದಾಗ ಅಲ್ಲಿಯ ಅಧ್ಯಕ್ಷನಾದ ಗೌದೆಂತಿಯನು ತನ್ನ ಜನರೊಂದಿಗೆ ದೇವಾಲಯದೊಳಗೆ ಸೇರಿಕೊಂಡು, ಬಲಾತ್ಕಾರ ಮಾಡಿದರೆ ದೇವಾಲಯದ ಸಂಗಡ ನಮ್ಮನ್ನೂ ಸುಟ್ಟುಕೊಳ್ಳುವೆವೆಂದು ಬೆದರಿಸಿದನು.

ಹಿಪ್ಪೊ ಪಟ್ಟಣದ ಅಗಸ್ತೀನನು ಅವನಿಗೆ ವಿರುದ್ಧವಾಗಿ ಪುಸ್ತಕವನ್ನೇ ಬರೆದನು. ಮಹಾ ಔತಣದ ಸಾಮ್ಯದಲ್ಲಿ ಜನರನ್ನು ಬಲವಂತ ಮಾಡಿ ಕರೆತರುವ ಮಾತನ್ನು ಹಿಡಿದು, ಅರಸನ ಬಲವು ಸಭೆಯ ಐಕ್ಯಕ್ಕೆ ಸಹಾಯವೆಂದು ಅವನು ವಾದಿಸಿದ್ದನು. ಅಗಸ್ತೀನನಿಂದ ನಾವು ಬಹಳವಾಗಿ ಕಲಿತಿದ್ದರೂ ಈ ಮಾತನ್ನು ನಾವು ಒಪ್ಪಲಾರೆವು. ಔತಣಕ್ಕೆ ಕರೆಯಲು ಹೋದ ಆಳಿನ ಕೈಯಲ್ಲಿ ಕತ್ತಿಯಿತ್ತೆಂದು ಲೂಕನು ಬರೆದಿಲ್ಲ.

ಹತ್ತು ವರ್ಷಗಳೊಳಗೆ, 429ರಲ್ಲಿ, ವ್ಯಾಂಡಲರು ಸಮುದ್ರ ದಾಟಿ ಬಂದರು. ಐದನೆಯ ಶತಮಾನದ ಕೊನೆಯಲ್ಲಿ ಬೆಟ್ಟದ ಜನರು ತಿಮ್ಗಾದನ್ನು ಹಾಳುಮಾಡಿದರು. 539ರಲ್ಲಿ ಕಾನ್‌ಸ್ಟಂಟಿನೋಪಲಿನ ಸೇನಾಪತಿಯಾದ ಸೊಲೊಮೋನನು ಹಾಳುಬಿದ್ದ ಕಟ್ಟಡಗಳ ಕಲ್ಲುಗಳಿಂದಲೇ ಅಲ್ಲಿ ಕೋಟೆ ಕಟ್ಟಿದನು. ಅರಬರ ಕಾಲದ ತರುವಾಯ ಊರು ಬರಿದಾಗಿ ಮಣ್ಣಿನಲ್ಲಿ ಹೂತುಹೋಯಿತು. 1765ರಲ್ಲಿ ಜೇಮ್ಸ್ ಬ್ರೂಸನೆಂಬ ಪ್ರಯಾಣಿಕನು ಅಲ್ಲಿಗೆ ಬಂದು ಮೇಲೆ ಉಳಿದಿದ್ದ ಕಟ್ಟಡಗಳ ಚಿತ್ರ ಬರೆದುಕೊಂಡನು. 1881ರಿಂದ ಫ್ರೆಂಚರು ಅಗೆಯುತ್ತಾ ಹೋದ ಮೇಲೆ ಬೀದಿಗಳೂ ಬಂಡಿಯ ಜಾಡುಗಳೂ ಆ ದೀಕ್ಷಾಸ್ನಾನದ ಕುಂಡವೂ ಒಂದೊಂದಾಗಿ ಹೊರಬಂದವು.