ವೀಕ್ ಅಂದರೆ ಏನು ವೀಕ್?

"ಡಾಕ್ಟ್ರೇ, ಮಗು ತುಂಬಾ ವೀಕು, ಒಂದು ಟಾನಿಕ್ ಬರೆದುಕೊಡಿ." ಗುಬ್ಬಿ, ಕುಣಿಗಲ್ ಕಡೆಯಿಂದ ಮಕ್ಕಳನ್ನು ತುಮಕೂರಿಗೆ ಕರೆತರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುವ ಮಾತು ಇದು. ಸಣಕಲು ಮಗು ವೀಕು, ಊಟ ಸೇರದ ಮಗು ವೀಕು, ಜ್ವರ ಬಿಟ್ಟು ಎದ್ದವನು ವೀಕು, ಪದೇ ಪದೇ ನೆಗಡಿಯಾಗುವವಳು ವೀಕು, ಲೆಕ್ಕ ಬಾರದವನೂ ವೀಕು. ಇಷ್ಟೂ ಮಕ್ಕಳಿಗೆ ಒಂದೇ ಬಾಟಲಿಯಲ್ಲಿ ಔಷಧಿ ಸಿಗುವುದಿಲ್ಲ. ಕೆಲವರಿಗೆ ಔಷಧಿಯೇ ಬೇಡ.

ಹುಟ್ಟಿದಾಗಿನ ತೂಕ ಐದು ತಿಂಗಳ ಹೊತ್ತಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ. ಆಮೇಲೆ ಆ ವೇಗ ಇರುವುದಿಲ್ಲ. ಎರಡು ವರ್ಷ ದಾಟಿದ ಮಗು ವರ್ಷಕ್ಕೆ ಸುಮಾರು 2 ಕಿಲೋ ಏರಿದರೆ ಸಾಕು. ವೇಗ ತಗ್ಗಿದಂತೆ ಹಸಿವೂ ತಗ್ಗುತ್ತದೆ. ಅಜ್ಜಿಯ ಕಣ್ಣಿಗೆ ಮೊಮ್ಮಗ ಇಳಿದುಹೋದಂತೆ ಕಾಣುವುದು ಈ ವಯಸ್ಸಿನಲ್ಲೇ. ಅನುಮಾನವಿದ್ದರೆ ತಾಯಿ ಕಾರ್ಡಿನ ತೂಕದ ಗೆರೆ ನೋಡಿ: ಹಸಿರು ಪಟ್ಟಿಯೊಳಗೇ ಮೇಲೇರುತ್ತಿದ್ದರೆ, ಮಗು ಆಡಿಕೊಂಡಿದ್ದರೆ, ಸಣ್ಣಗಿರುವುದು ಕಾಯಿಲೆಯಲ್ಲ. ಅಂಗನವಾಡಿಯಲ್ಲಿ ತೋಳು ಅಳೆಯುವ ಪಟ್ಟಿಯೂ ಇರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ, ತಡಮಾಡಬಾರದು.

ಮೈಕೈ ತುಂಬಿಕೊಂಡೇ ಇದ್ದು ನಿಜಕ್ಕೂ ನಿತ್ರಾಣವಾಗಿರುವ ಮಕ್ಕಳೂ ಇದ್ದಾರೆ. ಆಟದ ನಡುವೆ ಕೂತುಬಿಡುವುದು, ಬಳಪ ಮಣ್ಣು ತಿನ್ನುವುದು, ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿಕೊಂಡಿರುವುದು, ಇವೆಲ್ಲ ರಕ್ತಹೀನತೆಯ ಗುರುತುಗಳು. ಎರಡರಿಂದ ಐದು ವರ್ಷದೊಳಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇರಬಾರದು, ಐದರಿಂದ ಹನ್ನೊಂದರವರೆಗೆ 11.5ಕ್ಕಿಂತ. ಕಾರಣ ಎಷ್ಟೋ ಸಲ ಹಾಲಿನ ಲೋಟದಲ್ಲೇ ಇರುತ್ತದೆ. "ಊಟ ಮಾಡಲ್ಲ, ಹಾಲಾದ್ರೂ ಕುಡೀಲಿ" ಎಂದು ದಿನಕ್ಕೆ ಲೀಟರ್ ಕುಡಿಸಿದರೆ ಮುದ್ದೆ ಸೊಪ್ಪಿಗೆ ಹೊಟ್ಟೆಯಲ್ಲಿ ಜಾಗವೆಲ್ಲಿ? ಹಾಲಿನಲ್ಲಿ ಕಬ್ಬಿಣಾಂಶವಿಲ್ಲವೆಂದೇ ಹೇಳಬಹುದು. ಅರ್ಧ ಲೀಟರ್ ಒಳಗೆ ನಿಲ್ಲಿಸಿ. ಹುರುಳಿ, ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ. ಊಟದ ಜೊತೆ ಟೀ ಬೇಡ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ.

"ವೀಕ್‌ನೆಸ್‌ಗೆ ಒಂದು ಗ್ಲೂಕೋಸ್ ಹಾಕ್ಸಿ" ಎನ್ನುವವರಿಗೊಂದು ಲೆಕ್ಕ: 5 ಪರ್ಸೆಂಟಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಷ್ಟೇ. ಅಷ್ಟರಿಂದ ವೀಕ್‌ನೆಸ್ ಹೋಗುವುದಿಲ್ಲ. ವಾಂತಿಭೇದಿಯಿಂದ ಸುಸ್ತಾಗಿ ಬಾಯಲ್ಲಿ ಏನೂ ನಿಲ್ಲದ ಮಗುವಿಗೆ ಡ್ರಿಪ್ ಬೇಕಾಗುತ್ತದೆ, ಅದು ಬೇರೆ ಮಾತು.

ಇನ್ನು "ಓದೋದ್ರಲ್ಲಿ ವೀಕು". ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡ್ ಬಿಟ್ಟು ಪಕ್ಕದವನ ನೋಟ್‌ಬುಕ್ ನೋಡಿ ಬರೆಯುವ ಹುಡುಗನಿಗೆ ಬೇಕಿರುವುದು ಕನ್ನಡಕ, ಟ್ಯೂಷನ್ ಅಲ್ಲ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 2013ರಿಂದ ಈ ತಪಾಸಣೆಯನ್ನು ಉಚಿತವಾಗಿ ಮಾಡುತ್ತಿದೆ. ಮಾತಿನಲ್ಲಿ ಚುರುಕಾಗಿದ್ದೂ ಅಕ್ಷರ ಕೂಡಿಸಿ ಓದಲು ಒದ್ದಾಡುವ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಗುರುತಿಸಿದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಮದುವೆಮನೆಯಲ್ಲಿ ನಾಲ್ಕು ಜನರೆದುರು "ಇವನು ಮ್ಯಾಥ್ಸಲ್ಲಿ ವೀಕು" ಎನ್ನುವುದನ್ನಂತೂ ದಯವಿಟ್ಟು ಬಿಡಿ. ಕೇಳಿಸಿಕೊಂಡವನು ಪ್ರಯತ್ನ ಮಾಡುವುದನ್ನೇ ಬಿಡುತ್ತಾನೆ.

ಡಾಕ್ಟರ ಹತ್ತಿರ ಬಂದಾಗ ಕಂಡದ್ದನ್ನು ಹೇಳಿ: ಎಷ್ಟು ದಿನದಿಂದ, ನಿನ್ನೆ ಏನೇನು ತಿಂದ, ಎಷ್ಟು ಹೊತ್ತು ಆಡಿದ, ನಿದ್ದೆ ಹೇಗಿದೆ. ಹಳೆಯ ಚೀಟಿಗಳನ್ನೂ ತಾಯಿ ಕಾರ್ಡನ್ನೂ ತನ್ನಿ. ಆದರೆ ಎರಡು ತಿಂಗಳೊಳಗಿನ ಹಸುಗೂಸು ಹಾಲು ಚೀಪುತ್ತಿಲ್ಲ, ಎಬ್ಬಿಸಿದರೂ ಏಳುತ್ತಿಲ್ಲ, ಮೈ ತಣ್ಣಗಾಗಿದೆ ಎಂದರೆ "ಸ್ವಲ್ಪ ವೀಕು, ಬೆಳಿಗ್ಗೆ ನೋಡೋಣ" ಎನ್ನಬೇಡಿ. ನಡುರಾತ್ರಿಯಾದರೂ 108ಕ್ಕೆ ಫೋನ್ ಮಾಡಿ ಹೊರಡಿ.