ಅಸಲಿ ಅರಿಶಿನ ಕೈಯಲ್ಲಿದ್ದರೆ ತಾನೇ ಹೋಲಿಕೆ!

ಮಕ್ಕಳೇ, ಅಂಗಡಿಯಿಂದ ತಂದ ಅರಿಶಿನ ಪುಡಿ ಅಸಲಿಯೋ ಕಲಬೆರಕೆಯೋ? ಬಣ್ಣ ನೋಡಿ ಹೇಳುವುದು ಕಷ್ಟ. ಮೆಟಾನಿಲ್ ಯೆಲ್ಲೋ ಎಂಬ ಕೃತಕ ಬಣ್ಣವೂ ಹಳದಿಯೇ. ಅದನ್ನು ಆಹಾರಕ್ಕೆ ಬೆರೆಸುವಂತಿಲ್ಲ. ಹಾಗಾದರೆ ಕಂಡುಹಿಡಿಯುವುದು ಹೇಗೆ?

ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಕೊಳವೆಯಲ್ಲಿ ಇಳಿಸಿ, ಹಸಿರು, ಹಳದಿ ಬಣ್ಣಗಳನ್ನು ಬೇರ್ಪಡಿಸಿದನು. 1906ರಲ್ಲಿ ಈ ವಿಧಾನಕ್ಕೆ ಕ್ರೊಮ್ಯಾಟೋಗ್ರಫಿ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಬಣ್ಣದ ಬರವಣಿಗೆ.

ಪ್ರಮಾಣ ಮಾದರಿ ಎಂದರೇನು?

ಕಾಗದದ ಮೇಲೆ ಒಂದು ಹಳದಿ ಚುಕ್ಕೆ ಕಂಡರೆ ಅದು ಯಾವ ವಸ್ತು ಎಂದು ಕಾಗದ ಹೇಳುವುದಿಲ್ಲ. ಪಕ್ಕದಲ್ಲಿ ನಮಗೆ ಖಚಿತವಾಗಿ ಗೊತ್ತಿರುವ ವಸ್ತುವಿನ ಚುಕ್ಕೆ ಇರಬೇಕು. ಇದೇ ಪ್ರಮಾಣ ಮಾದರಿ. ದೊಡ್ಡ ಪ್ರಯೋಗಾಲಯಗಳು ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಅನ್ನು ಮಿಲಿಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತವೆ. ಸೀಸೆಯ ಜೊತೆಗೆ ಅದು ಎಷ್ಟು ಶುದ್ಧ ಎಂಬ ಪ್ರಮಾಣಪತ್ರವೂ ಬರುತ್ತದೆ. ಬೆಲೆ ಹೆಚ್ಚು.

ನಮ್ಮ ಶಾಲೆಗೆ ಅದು ಬೇಕಿಲ್ಲ. ಕುಪ್ಪಗಡ್ಡೆಯಂಥ ಊರಿನಲ್ಲಿ ಯಾರದಾದರೂ ಹಿತ್ತಿಲಲ್ಲಿ ಅರಿಶಿನದ ಗಿಡ ಸಿಕ್ಕೀತು. ಗಡ್ಡೆ ಕಿತ್ತು, ತೊಳೆದು, ಬೇಯಿಸಿ, ಒಣಗಿಸಿ, ನೀವೇ ಕುಟ್ಟಿ ಪುಡಿ ಮಾಡಿರಿ. ನೆಲದಿಂದ ಪುಡಿಯವರೆಗೆ ಕಣ್ಣಾರೆ ಕಂಡಿದ್ದೇ ಅದರ ಪ್ರಮಾಣಪತ್ರ! ಸೀಸೆಗೆ ಊರು, ದಿನಾಂಕ ಬರೆದ ಚೀಟಿ ಅಂಟಿಸಿ. ಕರ್ಕ್ಯುಮಿನ್ ಬೆಳಕಿಗೆ ಮಾಸುವುದರಿಂದ ಕತ್ತಲಲ್ಲಿಡಿ.

ಬೇಕಾಗುವ ಸಾಮಗ್ರಿಗಳು

ನಿಮ್ಮ ಅರಿಶಿನ ಪುಡಿ, ಅಂಗಡಿಯ ಪುಡಿ, ಮಿಠಾಯಿಗೆ ಹಾಕುವ ಹಳದಿ ಬಣ್ಣ (ಪೊಟ್ಟಣದ ಮೇಲೆ ಟಾರ್ಟ್ರಜಿನ್ ಎಂದಿರಬೇಕು), ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್, 10 ಸೆಂ.ಮೀ. ಚೌಕದ ಫಿಲ್ಟರ್ ಪೇಪರ್, ಅಗಲ ಬಾಯಿಯ ಗಾಜಿನ ಲೋಟ, ಪೆನ್ಸಿಲ್, ನೀರು.

ಎಚ್ಚರಿಕೆ: ಸ್ಪಿರಿಟ್ ವಿಷ, ಬೇಗ ಬೆಂಕಿ ಹಿಡಿಯುತ್ತದೆ. ಅದನ್ನು ಶಿಕ್ಷಕರೇ ಬಳಸಲಿ.

ಮಾಡುವ ವಿಧಾನ

1. ಎರಡೂ ಪುಡಿಗಳನ್ನು ಅರ್ಧರ್ಧ ಚಮಚ ತೆಗೆದು ಬೇರೆಬೇರೆ ಸೀಸೆಗಳಲ್ಲಿ ಸಮ ಅಳತೆಯ ಸ್ಪಿರಿಟ್‌ನೊಂದಿಗೆ ಕಲಕಿ, ತಿಳಿಯಾಗಲು ಬಿಡಿ. ಮಿಠಾಯಿ ಬಣ್ಣವನ್ನು ಚೂರು ನೀರಿನಲ್ಲಿ ಕರಗಿಸಿ.

2. ಕಾಗದದ ಕೆಳ ಅಂಚಿನಿಂದ 2 ಸೆಂ.ಮೀ. ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಪೆನ್ನು ಬೇಡ, ಅದರ ಶಾಯಿಯೂ ಹರಿದೀತು.

3. ಗೆರೆಯ ಮೇಲೆ ನಾಲ್ಕು ಪುಟ್ಟ ಚುಕ್ಕೆ ಇಡಿ: ನಿಮ್ಮ ಅರಿಶಿನ, ಅಂಗಡಿಯದು, ಮಿಠಾಯಿ ಬಣ್ಣ, ಬರೀ ಸ್ಪಿರಿಟ್. ಪೂರ್ತಿ ಒಣಗಿಸಿ.

4. ಕಾಗದವನ್ನು ಅಂಚುಗಳು ತಾಗದಂತೆ ಕೊಳವೆಯಾಗಿ ಸುತ್ತಿ, ಪಿನ್ನು ಹಾಕಿ, 1 ಸೆಂ.ಮೀ. ನೀರಿರುವ ಲೋಟದಲ್ಲಿ ನಿಲ್ಲಿಸಿ. ಚುಕ್ಕೆಗಳು ನೀರಿನಲ್ಲಿ ಮುಳುಗಬಾರದು.

ಏನಾಯಿತು? ಏಕೆ?

ನೀರು ಕಾಗದದಲ್ಲಿ ಮೇಲೇರುತ್ತದೆ. ಟಾರ್ಟ್ರಜಿನ್ ನೀರಿನಲ್ಲಿ ಕರಗುವುದರಿಂದ ಜೊತೆಗೇ ಏರುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಇಲ್ಲವೆಂಬಷ್ಟು ಕಡಿಮೆ. ಆದ್ದರಿಂದ ನಿಮ್ಮ ಅರಿಶಿನದ ಬಣ್ಣ ಗೆರೆಯ ಬಳಿಯೇ ಉಳಿಯುತ್ತದೆ. ಬರೀ ಸ್ಪಿರಿಟ್ ಇಟ್ಟಲ್ಲಿ ಬಣ್ಣ ಕಾಣದಿದ್ದರೆ ಸ್ಪಿರಿಟ್ ಶುದ್ಧವಾಗಿದೆ, ಬಣ್ಣ ಬಂದದ್ದು ಪುಡಿಯಿಂದಲೇ ಎಂದು ತಿಳಿಯಿರಿ.

ಈಗ ಅಂಗಡಿಯ ಪುಡಿ ನೋಡಿ. ಅದರಿಂದ ಹಳದಿ ಬಣ್ಣ ಮೇಲೇರಿದರೆ ಅನುಮಾನಪಡಬೇಕು. ಮೆಟಾನಿಲ್ ಯೆಲ್ಲೋ ಕೂಡ ನೀರಿನಲ್ಲಿ ಕರಗುವಂಥದ್ದೇ. ಆದರೆ ಏರಿದ್ದು ಅದೇ ಎನ್ನಲು ನಮ್ಮಲ್ಲಿ ಅದರ ಪ್ರಮಾಣ ಮಾದರಿ ಇಲ್ಲ. ಅನುಮಾನ ಬಂದರೆ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ. ಅಂಗಡಿಯವರ ಮೇಲೆ ದೂರು ಹೊರಿಸಬೇಡಿ.

ನೆನಪಿಡಿ

ಬಣ್ಣ ಏರದಿದ್ದರೆ ಪುಡಿ ಶುದ್ಧವೆಂದೇ? ಅಲ್ಲ. ಅರಿಶಿನಕ್ಕೆ ಬೆರೆಸುವ ಇನ್ನೊಂದು ಹಳದಿ ವಸ್ತು ಸೀಸದ ಕ್ರೋಮೇಟ್. ಅದು ನೀರಿನಲ್ಲೂ ಕರಗದು, ಸ್ಪಿರಿಟ್‌ನಲ್ಲೂ ಕರಗದು. ಸೀಸೆಯ ತಳದಲ್ಲೇ ಉಳಿಯುತ್ತದೆ, ಕಾಗದಕ್ಕೆ ಬರುವುದೇ ಇಲ್ಲ. ಸೀಸವು ಮಕ್ಕಳ ಮಿದುಳಿಗೆ ಹಾನಿಕರ. ಅದನ್ನು ಪತ್ತೆ ಮಾಡಲು ಪ್ರಯೋಗಾಲಯವೇ ಬೇಕು. ಒಂದು ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎರಡನ್ನೂ ಬರೆದಿಡುವುದೇ ವಿಜ್ಞಾನ.

ಯೋಚಿಸಿ: ನೀರಿನ ಬದಲು ಸ್ಪಿರಿಟ್‌ನಲ್ಲೇ ಕಾಗದ ನಿಲ್ಲಿಸಿದರೆ ನಿಮ್ಮ ಅರಿಶಿನದ ಚುಕ್ಕೆ ಏನಾದೀತು?